ಮೋಟು ಪಾನಾ

ನಮ್ಮ ಹಿಟ್ಟಿನ ಮಿಲ್ಲಿನ ಮೋಟರಿಗೆ ನಾಲ್ಕು ಕಾಲು, ಒಂದೊಂದು ಕಾಲಿಗೆ ಒಂದೊಂದು ನಟ್ಟು. ಮೂರು ನಟ್ಟು ನನ್ನ ಮಾತು ಕೇಳುತ್ತವೆ. ನಾಲ್ಕನೆಯದು ಗೋಡೆಯ ಕಡೆಗಿದೆ. ಅದು ಯಾರ ಮಾತನ್ನೂ ಕೇಳುವುದಿಲ್ಲ.

ಬೆಲ್ಟು ಹೊಸದು. ಹೊಸ ಬೆಲ್ಟು ಹದಿನೈದು ಇಪ್ಪತ್ತು ದಿನ ಓಡಿದ ಮೇಲೆ ಎಳೆದುಕೊಂಡು ಸಡಿಲವಾಗುತ್ತದೆ. ಆಗ ನಾಲ್ಕೂ ನಟ್ಟು ಸಡಿಲಿಸಿ, ಮೋಟರನ್ನು ಒಂದು ಬೆರಳಿನಷ್ಟು ಹಿಂದಕ್ಕೆ ತಳ್ಳಿ, ಮತ್ತೆ ಬಿಗಿ ಮಾಡಬೇಕು. ಕಾಲು ಗಂಟೆಯ ಕೆಲಸ. ಆ ಕಾಲು ಗಂಟೆಯ ಕೆಲಸಕ್ಕೆ ನಾನು ಹತ್ತು ದಿನ ಅಲೆದೆ.

ಗೋಡೆಗೂ ಮೋಟರಿಗೂ ನಡುವೆ ಇರುವುದು ಆರು ಬೆರಳಿನ ಜಾಗ. ಮಿಲ್ಲು ಕೂರಿಸುವಾಗ ರಾಗಿ ಸುರಿಯುವ ಬಾಯಿ ಪೂರ್ವಕ್ಕೇ ಇರಬೇಕು ಎಂದು ಅಪ್ಪ ಹಟ ಹಿಡಿದಿದ್ದನಂತೆ. ಬಾಯಿ ಪೂರ್ವಕ್ಕೆ ಬಂತು, ಮೋಟರು ಗೋಡೆಗೆ ಅಂಟಿಕೊಂಡಿತು. "ಬುದ್ಧನ ಫೋಟೋಗೂ ಕೈ ಮುಗೀತೀಯ, ಮಿಲ್ಲಿಗೆ ವಾಸ್ತುನೂ ನೋಡ್ತೀಯ. ಯಾವ್ದಾದ್ರೂ ಒಂದು ಇಟ್ಕೊ ಅಪ್ಪಾ" ಎಂದು ನಮ್ಮಣ್ಣ ಅಶೋಕ ಈಗಲೂ ರೇಗಿಸುತ್ತಾನೆ. "ನಿಂಗೇನ್ಲಾ ಗೊತ್ತು? ಇಪ್ಪತ್ತು ವರ್ಸದಿಂದ ಓಡ್ತಿಲ್ವಾ?" ಎಂದು ಅಪ್ಪ ಬಾಯಿ ಮುಚ್ಚಿಸುತ್ತಾನೆ.

ಓಡುತ್ತಿತ್ತು ನಿಜ, ಯಾಕೆಂದರೆ ನಟ್ಟು ತಿರುಗಿಸಲು ಮೋಟು ಪಾನಾ, ಅಂದರೆ ಗಿಡ್ಡ ಸ್ಪ್ಯಾನರು, ಇತ್ತು. ಅದು ಅಂಗೈಯಷ್ಟೇ ಉದ್ದದ್ದು. ನಟ್ಟು ಹಿಡಿಯುವ ಬಳೆ ಎರಡು ತುದಿಗೂ ಇತ್ತು, ಒಂದು ಹದಿನಾರು ಮಿಲಿಮೀಟರಿನದು, ಇನ್ನೊಂದು ಹದಿನೇಳರದು, ಎರಡೂ ಕೊಕ್ಕರೆಯ ಕತ್ತಿನ ಹಾಗೆ ಕೆಳಕ್ಕೆ ಬಗ್ಗಿದ್ದವು. ಮೋಟರಿನ ಹೊಟ್ಟೆಯ ಕೆಳಗೆ ಅದನ್ನು ತೂರಿಸಿ, ನಟ್ಟಿನ ಮೇಲೆ ಕೂರಿಸಿ, ಸ್ವಲ್ಪ ಸ್ವಲ್ಪವಾಗಿ ತಿರುಗಿಸಬಹುದಿತ್ತು. ಉದ್ದದ ಪಾನಾ ಹಾಕಿದರೆ ಅದರ ಹಿಡಿ ಗೋಡೆಗೆ ಬಡಿದು ನಿಂತುಬಿಡುತ್ತದೆ. ನಟ್ಟು ಅಲುಗಬೇಕಾದರೆ ಗಡಿಯಾರದ ಮುಳ್ಳು ಹನ್ನೆರಡರಿಂದ ಒಂದಕ್ಕೆ ಬರುವಷ್ಟಾದರೂ ಹಿಡಿ ತಿರುಗಬೇಕು. ಅಷ್ಟೂ ತಿರುಗುವುದಿಲ್ಲ.

ಆ ಮೋಟು ಪಾನಾವನ್ನು, ಹೊಸ ಬೆಲ್ಟು ಹಾಕಿದ ಮಾರನೆಯ ದಿನ, ನಮ್ಮೂರಿನ ಕೆಂಪಣ್ಣ ತೆಗೆದುಕೊಂಡು ಹೋದ, ಟಿಲ್ಲರಿಗೆ ಬೇಕು ಎಂದು. ಬೆಲ್ಟು ಸಡಿಲವಾದ ದಿನ ಅವನ ಮನೆಯ ಮುಂದೆ ಹೋಗಿ ನಿಂತೆ. ನನಗೆ ಇನ್ನೊಬ್ಬರ ಮನೆ ಬಾಗಿಲಲ್ಲಿ ನಿಂತು ಏನನ್ನಾದರೂ ಕೇಳುವುದೆಂದರೆ ಆಗಿಬರದು. ಕೇಳಿದೆ.

"ಅವತ್ತೇ ತಂದ್ಕೊಟ್ನಲ್ಲವ್ವಾ!" ಎಂದ ಕೆಂಪಣ್ಣ.

"ಯಾರ್ ಕೈಗೆ ಕೊಟ್ರಿ ಅಣ್ಣ?"

"ಕೈಗೆ ಅಂತಲ್ಲ. ನಿಮ್ ಮಿಲ್ ಮುಂದ್ಗಡೆ ಕಲ್ಲಿನ್ ಮೇಲೆ ಮಡುಗಿದ್ದೆ. ನೀವ್ ನೋಡ್ಕಬೇಕಪ್ಪ."

ಕಲ್ಲು ಅಲ್ಲೇ ಇದೆ. ಅದರ ಮೇಲೆ ದಿನಾ ಹತ್ತು ಜನ ಕೂರುತ್ತಾರೆ.

ಈ ಸಲ ನಾನು ಇಷ್ಟು ತಲೆ ಕೆಡಿಸಿಕೊಂಡದ್ದಕ್ಕೆ ಕಾರಣವಿತ್ತು. ಅಪ್ಪನಿಗೆ ಕಣ್ಣಿನ ಪೊರೆ ತೆಗೆಸಿದ್ದರು. ಒಂದು ತಿಂಗಳು ಹಿಟ್ಟಿನ ದೂಳು ಸೋಕಬಾರದು ಎಂದು ಡಾಕ್ಟರು ಹೇಳಿದ್ದರಿಂದ ಅಪ್ಪ ಮನೆಯ ಜಗಲಿಯಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಕೂತು, ಅಲ್ಲಿಂದಲೇ ಹುಕುಂ ಮಾಡುತ್ತಿದ್ದ. ಮಿಲ್ಲು ಪೂರ್ತಿ ನನ್ನ ಕೈಗೆ ಬಂದಿತ್ತು. ಒಂಬತ್ತನೆಯ ಕ್ಲಾಸಿಗೆ ಸ್ಕೂಲು ಬಿಟ್ಟವಳು ನಾನು. ಬಿಟ್ಟ ಮೇಲೆ ಇಷ್ಟಪಟ್ಟು ಮಾಡಿದ ಕೆಲಸ ಇದೊಂದೇ. ಮಿಲ್ಲು ಓಡುತ್ತಿರುವಾಗ ಯಾರೂ ನನ್ನನ್ನು ಮಾತಾಡಿಸುವುದಿಲ್ಲ, ಮಾತಾಡಿಸಿದರೂ ಕೇಳಿಸುವುದಿಲ್ಲ. ಬೀಳುವ ಹಿಟ್ಟನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿದರೆ ಕಲ್ಲು ಎಷ್ಟು ಬಿಗಿ ಮಾಡಬೇಕು ಎಂದು ಗೊತ್ತಾಗುತ್ತದೆ. ಅಷ್ಟು ಗೊತ್ತಿದ್ದರೆ ಸಾಕು.

ಬೆಲ್ಟು ಜಾರತೊಡಗಿತು. ಕಿರ್ ಎಂದು ಕೂಗಿತು. ರಬ್ಬರು ಸುಟ್ಟ ವಾಸನೆ ಬಂತು. ನಿಲ್ಲಿಸಿದೆ. ಪಕ್ಕದ ಮಳಿಗೆಯ ಕಾಂತರಾಜು ಅದೇ ಸಂಜೆ ಜಗಲಿಗೆ ಬಂದು ಅಪ್ಪನ ಪಕ್ಕ ಕೂತ. ಅವನದು ಶುಂಠಿಗೆ ಹೊಡೆಯುವ ಔಷಧಿಗಳ ಅಂಗಡಿ. ನಮ್ಮ ಮೋಟರು ಅಂಟಿಕೊಂಡಿರುವ ಗೋಡೆಯ ಆಚೆಗೆ ಅವನ ಡಬ್ಬಗಳ ರ್‍ಯಾಕು.

"ಚಲುವಣ್ಣ, ಗ್ವಾಡೆ ಒಸಿ ಒಡುದ್ರೆ ನಟ್ಟು ಸಿಗ್ತದೆ ಅಂದ್ನಂತಲ್ಲ ಮೆಕ್ಯಾನಿಕ್ಕು?"

"ಅಂದ ಕಣಪ್ಪ. ಬಂದ, ನೋಡ್ದ, ಗ್ವಾಡೆ ಒಡೀರಿ ಅಂದ, ಓದ. ಶುಂಠಿ ಟೇಮು, ಪಂಪ್‌ಸೆಟ್ ರಿಪೇರಿ ಬುಟ್ಟು ಇತ್ಲಾಗೆ ಎಲ್ ಬತ್ತಾನೆ?"

"ಒಸಿ ಯಾಕೊಡೀತೀರಿ, ಪೂರ್ತಿ ಒಡ್ದು ರೂಮ್ನ ನಂಗೇ ಬಾಡ್ಗೆಗೆ ಕೊಟ್ಬುಡಿ. ನಿಮ್ಗೂ ಕಣ್ಣು ಸರಿ ಇಲ್ಲ. ಎಣ್ ಉಡ್ಗಿ ಎಷ್ಟು ಅಂತ ಏಗ್ತದೆ?"

ಎಣ್ ಉಡ್ಗಿ ಅಲ್ಲೇ ಬಾಗಿಲ ಹಿಂದೆ ನಿಂತಿದ್ದಳು. ಅಪ್ಪ ಏನಾದರೂ ಹೇಳುತ್ತಾನೆ ಎಂದು ಕಾದೆ. ಅಪ್ಪ ಕನ್ನಡಕ ಸರಿ ಮಾಡಿಕೊಂಡ. "ಮುಂದಿನ್ ಸ್ವಾಮಾರದೊಳಗೆ ಓಡುದ್ರೆ ಓಡ್ಲಿ. ಇಲ್ಲಾಂದ್ರೆ ನಿಂಗೇ ಊಂ ಅಂತೀನಿ" ಎಂದ. ಹಾಸನದಲ್ಲಿ ಕೆಲಸ ಮಾಡುವ ಅಶೋಕ ಫೋನಿನಲ್ಲಿ, "ಒಳ್ಳೇದಾಯ್ತು ಬುಡು, ದೂಳು ತಪ್ತು" ಎಂದ. ಅವನು ಹುಡುಕಿದ್ದನಂತೆ, ಆನ್‌ಲೈನಿನಲ್ಲಿ ಎಂಟು ಪಾನಾದ ಸೆಟ್ಟು ಬರುತ್ತದಂತೆ, ಎರಡು ಸಾವಿರದ ಮೇಲೆ, ಬರಲು ಹನ್ನೆರಡು ದಿನ. ನಮಗೆ ಬೇಕಾದದ್ದು ಒಂದು ಪಾನಾ, ಅದರಲ್ಲೂ ಒಂದು ತುದಿ.

ಅರಕಲಗೂಡಿಗೆ ಹೋದೆ. ಹಾರ್ಡ್‌ವೇರ್ ಅಂಗಡಿಯವನು ನನ್ನ ಹಿಂದೆ ಯಾರಾದರೂ ಬಂದಿದ್ದಾರೆಯೇ ಎಂದು ಮೊದಲು ನೋಡಿದ. ಯಾರೂ ಇರಲಿಲ್ಲ.

"ಏನ್ ಬೇಕಮ್ಮ?"

"ಮೋಟು ಪಾನಾ. ಅದಿನಾರು ಅದಿನೇಳು."

"ಯಾತಕ್ಕೆ?"

"ಮಿಲ್ ಮೋಟ್ರಿಗೆ."

"ಮನೇಲಿ ಗಂಡಸ್ರು ಇಲ್ವಾ? ಅವರ್ನ ಕಳ್ಸು, ನಿಂಗೆ ಏಳುದ್ರೆ ಅರ್ಥ ಆಗಕ್ಕಿಲ್ಲ."

ಅವನಿಗೆ ನಾನು ಹೇಳಿದ್ದು ಅರ್ಥವಾಗಿರಲಿಲ್ಲ, ಅಷ್ಟೇ ಆದದ್ದು. ಅದನ್ನು ಬಾಯಿಬಿಟ್ಟು ಹೇಳದೆ ಬಸ್ಸು ಹತ್ತಿದೆ.

ಹೊಳೆನರಸೀಪುರದ ಅಂಗಡಿಯವನು ಮರ್ಯಾದಸ್ಥ. ಕೂರಲು ಸ್ಟೂಲು ಕೊಟ್ಟ. ಡಬ್ಬ ತೆರೆದು ತೋರಿಸಿದ. ಎಂಟು ಪಾನಾ, ಚಿಕ್ಕದರಿಂದ ದೊಡ್ಡದಕ್ಕೆ, ಮಕ್ಕಳನ್ನು ಸಾಲಾಗಿ ಮಲಗಿಸಿದ ಹಾಗೆ. ಎಲ್ಲ ಗಿಡ್ಡ, ಎಲ್ಲದರ ಕತ್ತೂ ಬಗ್ಗಿದೆ. ನನಗೆ ಬೇಕಾದದ್ದು ಆರನೆಯ ಜಾಗದಲ್ಲಿತ್ತು. ಬೆರಳು ಇಟ್ಟೆ.

"ಇದೊಂದು ಕೊಡಿ ಅಣ್ಣ."

"ಸೆಟ್ ಒಡ್ಯಕಾಗಲ್ಲ ಸಿಸ್ಟರ್. ಎಂಟ್ರಲ್ಲಿ ಒಂದು ತಗುದ್ರೆ ಮಿಕ್ಕಿದ್ ಏಳ್ನ ಯಾರ್ ತಗೋತಾರೆ? ಅಲ್ಲು ಬಿದ್ದೋರಂಗೆ ಕಾಣ್ತದೆ ಡಬ್ಬ."

ಬೆಲೆ ಕೇಳಿದೆ. ಎರಡು ಸಾವಿರದ ಮುನ್ನೂರು. ಡಬ್ಬ ಮುಚ್ಚಿದೆ. ಆಗ ಅವನ ಮೇಜಿನ ಮೇಲೆ ಕಣ್ಣು ಬಿತ್ತು. ಫ್ಯಾನಿನ ಗಾಳಿಗೆ ಬಿಲ್ಲುಗಳು ಹಾರದಂತೆ ಮೇಲೊಂದು ಭಾರ ಇಟ್ಟಿದ್ದ. ಗಿಡ್ಡ, ಬಗ್ಗಿದ, ಹಳೆಯ ಪಾನಾ. ಒಂದು ತುದಿಯಲ್ಲಿ ಹದಿನಾರು, ಇನ್ನೊಂದರಲ್ಲಿ ಹದಿನೇಳು ಎಂದು ಅಚ್ಚಾಗಿತ್ತು.

"ಅದು..." ಎಂದೆ.

"ಅದು ಮಾರಕ್ಕಲ್ಲ ಸಿಸ್ಟರ್. ನಮ್ಮಪ್ಪ ಅಂಗ್ಡಿ ತೆಗುದ್ ದಿನದಿಂದ ಅಲ್ಲೇ ಐತೆ. ಲಕ್ಷ್ಮಿ ಅದು."

ಆ ಲಕ್ಷ್ಮಿ ಇಪ್ಪತ್ತು ಮೂವತ್ತು ವರ್ಷದಿಂದ ಒಂದೇ ಒಂದು ನಟ್ಟನ್ನೂ ಮುಟ್ಟದೆ ಕಾಗದ ಕಾಯುತ್ತ ಕೂತಿದ್ದಾಳೆ. ಒಂದು ದಿನದ ಮಟ್ಟಿಗೆ ಕೊಡಿ ಎಂದು ಕೇಳಬೇಕೆನಿಸಿತು. ಬಾಯಿಗೆ ಬರುವಷ್ಟರಲ್ಲಿ ಇನ್ನೊಬ್ಬ ಗಿರಾಕಿ ಬಂದ. ಹೊಳೆನರಸೀಪುರದಿಂದ ಊರು ಮುಟ್ಟುವ ತನಕ, ಕೇಳಬೇಕಾಗಿದ್ದ ಆ ಮಾತನ್ನು ಮನಸ್ಸಿನಲ್ಲೇ ಏಳೆಂಟು ಥರ ಹೇಳಿಕೊಂಡೆ.

ಹಾಸನದಲ್ಲಿ ಮೂರು ಅಂಗಡಿ. ಮೊದಲನೆಯವನು ಬರೀ ಉದ್ದದ್ದನ್ನೇ ಒಂದರ ಮೇಲೊಂದು ಮುಂದಿಟ್ಟ. ಎರಡನೆಯವನಲ್ಲಿ ಗಿಡ್ಡದ್ದಿತ್ತು, ಒಂದಕ್ಕೇ ಒಂಬೈನೂರು, ವಿದೇಶದ್ದಂತೆ. ನಮ್ಮ ನಟ್ಟು ಅರಕಲಗೂಡಿನದು. ಮೂರನೆಯವನು, "ಸ್ಯಾಂಪಲ್ ತಂದಿದ್ದೀರಾ ಮೇಡಂ? ಸ್ಯಾಂಪಲ್ ಇದ್ರೆ ಅದೇ ಥರದ್ದು ಕೊಡ್ತೀನಿ" ಎಂದ. ಸ್ಯಾಂಪಲ್ ಇದ್ದಿದ್ದರೆ ನಾನು ಯಾಕೆ ಬರುತ್ತಿದ್ದೆ? ಅದನ್ನೂ ನುಂಗಿದೆ.

ಇಷ್ಟರಲ್ಲಿ ಶುಕ್ರವಾರವಾಯಿತು. ಮಿಲ್ಲಿನ ಮೂಲೆಯಲ್ಲಿ ರಾಗಿಯ ಚೀಲಗಳು ಒಂದರ ಮೇಲೊಂದು ಕೂತಿದ್ದವು. ದೊಡ್ಡತಾಯಮ್ಮಜ್ಜಿ ದಿನಾ ಬಂದು ತನ್ನ ಚೀಲವನ್ನು ತಟ್ಟಿ ನೋಡಿಕೊಂಡು ಹೋಗುತ್ತಿದ್ದಳು.

"ಲೇ ರಂಜಿನಿ, ಮುದ್ದೆ ಉಂಡು ನಾಕ್ ದಿನಾಯ್ತು ಕಣೇ. ಬರೀ ಅನ್ನ ಉಂಡ್ರೆ ನಂಗೆ ಕೈಕಾಲೇ ಆಡಕಿಲ್ಲ. ಆಗ್ತದಾ ಇಲ್ವಾ ಏಳ್ಬುಡು, ಬೇರೆ ಕಡೀಕ್ ತಗೊಂಡೋಯ್ತೀನಿ."

"ಆಗ್ತದೆ ಅಜ್ಜಿ."

"ಯಾವಾಗ?"

ನಾನು ಅವಳ ಚೀಲದ ಬಾಯಿ ಬಿಗಿ ಮಾಡಿ ಕಟ್ಟಿದೆ.

ಆಗ ಕೀರ್ತಿರಾಜನ ನೆನಪಾಯಿತು. ಚಿಕ್ಕಪ್ಪನ ಮಗ, ಚನ್ನರಾಯಪಟ್ಟಣದಲ್ಲಿ ಆಟೋ ಓಡಿಸುತ್ತಾನೆ, ಬಸ್‌ಸ್ಟ್ಯಾಂಡಿನ ಸುತ್ತ ಅವನಿಗೆ ಗೊತ್ತಿಲ್ಲದ ಅಂಗಡಿಯಿಲ್ಲ. ಫೋನು ಮಾಡಿ, ಮೋಟು ಪಾನಾ, ಬಳೆದು, ಹದಿನಾರು ಹದಿನೇಳು, ಒಂದೇ ಒಂದು ಎಂದು ನಿಧಾನವಾಗಿ ಎರಡು ಸಲ ಹೇಳಿದೆ. ಅರ್ಧ ಗಂಟೆಗೆ ತಿರುಗಿ ಫೋನು ಮಾಡಿದ. "ಸಿಕ್ತು ಕಣಕ್ಕಾ! ಇನ್ನೂರ ಇಪ್ಪತ್ತು. ನಾಳೆ ಬಸ್ಸಲ್ಲಿ ಕಂಡಕ್ಟರ್ ಕೈಲಿ ಕಳುಸ್ತೀನಿ, ಸ್ಟಾಪಲ್ಲಿ ನಿಂತ್ಕೊ."

ಅವತ್ತು ರಾತ್ರಿ ಚೆನ್ನಾಗಿ ನಿದ್ದೆ ಮಾಡಿದೆ.

ಶನಿವಾರ ಸ್ಟಾಪಿನಲ್ಲಿ ಎರಡು ಬಸ್ಸು ಬಿಟ್ಟು ಮೂರನೆಯದರಲ್ಲಿ ಕಂಡಕ್ಟರು ಪೇಪರು ಸುತ್ತಿದ ಒಂದು ಪೊಟ್ಟಣ ಕೊಟ್ಟ. ಕೈಗೆ ಬಂದ ಕೂಡಲೇ ಗೊತ್ತಾಯಿತು. ಮೊಳಕೈಯಿಂದ ಮುಂಗೈವರೆಗೆ ಉದ್ದವಿತ್ತು. ಬಿಚ್ಚಿದೆ. ಹದಿನಾರು ಹದಿನೇಳೇ. ಬಳೆಯೇ. ಹಿಡಿ ಮಾತ್ರ ನನ್ನ ಹೆಬ್ಬೆರಳಿಗಿಂತ ದಪ್ಪ. ಅಷ್ಟು ದಪ್ಪದ, ಅಷ್ಟು ಉದ್ದದ ಪಾನಾವನ್ನು ನಾನು ಲಾರಿ ರಿಪೇರಿಯವರ ಹತ್ತಿರವೂ ನೋಡಿರಲಿಲ್ಲ. ಸ್ಟಾಪಿನಲ್ಲೇ ನಿಂತು ಫೋನು ಮಾಡಿದೆ.

"ನಾನ್ ಏನೇಳಿದ್ನೋ ನಿಂಗೆ?"

"ಮೋಟಾ ಪಾನಾ ಅಂದೆ."

"ಮೋಟು ಅಂದೆ ಕಣೋ! ಮೋಟು!"

"ಅದೇ ಅಲ್ವಾ? ನಾನೂ ಮೋಟು ಅಂತ್ಲೇ ಕೇಳ್ದೆ. ಅಂಗ್ಡೀಲಿರೋ ಸೇಟು 'ಮೋಟಾ?' ಅಂದ. ಊಂ ಅಂದೆ. 'ಬಹುತ್ ಮೋಟಾ?' ಅಂದ. ಅದ್ಕೂ ಊಂ ಅಂದೆ. ಒಳಗ್ ಓಗಿ ಉಡುಕಿ ಉಡುಕಿ ತಂದ್ಕೊಟ್ಟ ಪಾಪ."

"ಅವ್ನ ಭಾಷೇಲಿ ಮೋಟಾ ಅಂದ್ರೆ ದಪ್ಪ ಕಣೋ. ನಮ್ದು ಮೋಟು. ಗಿಡ್ಡ. ಮೋಟುಜಡೆ ಅಂತೀವಲ್ಲ, ಅಂಗೆ."

"ಜಡೆ ವಿಷ್ಯ ನಂಗೇನಕ್ಕಾ ಗೊತ್ತು?"

ವಾಪಸು ಕಳಿಸು, ಬದಲಾಯಿಸುತ್ತೇನೆ ಎಂದ. ಭಾನುವಾರ ಸೇಟು ಅಂಗಡಿ ತೆಗೆಯುವುದಿಲ್ಲವಂತೆ. ಸೋಮವಾರ ಬದಲಾಯಿಸಿದರೆ ನನ್ನ ಕೈಗೆ ಬರುವುದು ಮಂಗಳವಾರ. ಸೋಮವಾರ ಬೆಳಿಗ್ಗೆ ಕಾಂತರಾಜು ರೂಮಿನ ಅಳತೆ ತೆಗೆಯಲು ಬರುತ್ತಾನೆ.

ಮನೆಗೆ ಬಂದು ಪಾನಾವನ್ನು ಜಗಲಿಯ ಮೇಲೆ ಇಟ್ಟು ಅದನ್ನೇ ನೋಡುತ್ತ ಕೂತೆ. ಅಮ್ಮ ಪಾರ್ವತಮ್ಮ, "ಕೋಣ ಒಡ್ಯಕ್ಕೆ ತಂದ್ಯಾ ಇದ್ನ?" ಎಂದು ಒಳಗೆ ಹೋದಳು. ಎದುರು ಮನೆಯ ಮಾನ್ಯ ಸ್ಕೂಲಿನ ಆಟ ಮುಗಿಸಿ ಬರುತ್ತಿದ್ದಳು. ಹೋದ ವಾರದವರೆಗೆ ಅವಳಿಗೆ ಸೊಂಟದವರೆಗೆ ಜಡೆ. ಹೇನಿನ ಕಾಟಕ್ಕೆ ಅವರಮ್ಮ ಕತ್ತರಿಸಿದ್ದಳು. ಈಗ ಕಿವಿಯ ಪಕ್ಕ ಎರಡು ಮೋಟುಜಡೆ ಕುಣಿಯುತ್ತಿದ್ದವು.

ಮೋಟುಜಡೆ ಅಂಗಡಿಯಲ್ಲಿ ಸಿಗುವುದಿಲ್ಲ. ಉದ್ದದ್ದನ್ನು ಕತ್ತರಿಸಿದರೆ ಆಗುತ್ತದೆ.

ಒಳಗೆ ಹೋಗಿ ಪೊರಕೆಯಿಂದ ಒಂದು ಕಡ್ಡಿ ಎಳೆದುಕೊಂಡು ಮಿಲ್ಲಿಗೆ ಹೋದೆ. ಮೋಟರಿನ ಕೆಳಗೆ ಕೈ ತೂರಿಸಿ, ನಟ್ಟಿನ ನಡುವಿನಿಂದ ಗೋಡೆಗೆ ತಾಕದಂತೆ ತಿರುಗಿಸಬಹುದಾದಷ್ಟು ಉದ್ದಕ್ಕೆ ಕಡ್ಡಿಯನ್ನು ಮುರಿದೆ. ಇನ್ನೊಂದು ಕಡ್ಡಿಯಲ್ಲಿ ಕತ್ತು ಎಷ್ಟು ಬಗ್ಗಬೇಕು ಎಂದು ಅಳೆದೆ. ಎರಡನ್ನೂ ಕರವಸ್ತ್ರದಲ್ಲಿ ಕಟ್ಟಿಕೊಂಡೆ.

ಅಪ್ಪನಿಗೆ ಹೇಳಿದೆ. ಅಪ್ಪ ಕನ್ನಡಕದ ಮೇಲಿಂದ ನೋಡಿದ.

"ಒಸಾ ಪಾನಾ ಕತ್ತರುಸ್ತೀಯಾ? ಆಯುಧಪೂಜೇಲಿ ಅರಿಸ್ನ ಕುಂಕುಮ ಇಟ್ಟು ಕೈ ಮುಗಿಯೋ ವಸ್ತು ಕಣೇ ಅದು. ಸುತ್ತಿಗೆ ಇಡಿ ಮುರುದ್ರೇನೇ ಅವತ್ತು ನಾನು ಉಣ್ತಿರ್ನಿಲ್ಲ."

"ಮತ್ತೇನ್ ಮಾಡಾನ?"

"ವಾಪಸ್ ಕಳ್ಸು."

"ಸ್ವಾಮಾರದೊಳಗೆ ಅಂದೋನು ನೀನೇ."

ಅಪ್ಪ ಕನ್ನಡಕವನ್ನು ಮೇಲಕ್ಕೆ ತಳ್ಳಿಕೊಂಡ. ಬೇಡ ಎಂದು ಹೇಳಲಿಲ್ಲ. ಅದನ್ನು ನಾನು ಗಮನಿಸಿಕೊಂಡೆ.

ಭಾನುವಾರ ಬೆಳಿಗ್ಗೆ ಅರಕಲಗೂಡಿನಲ್ಲಿ ಟ್ರೈಲರುಗಳಿಗೆ ವೆಲ್ಡಿಂಗ್ ಮಾಡುವ ಕುಮಾರನ ಶೆಡ್ಡಿಗೆ ಹೋದೆ. ಮೂರು ನಾಲ್ಕು ಜನ ಟೀ ಕುಡಿಯುತ್ತ ನಿಂತಿದ್ದರು. ಕುಮಾರ ಪಾನಾವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ.

"ಒಸದು ಅಲ್ವಾ ಇದು? ಸ್ಟಿಕ್ಕರ್ ಕೂಡ ಕಿತ್ತಿಲ್ಲ. ಇದ್ನ ಕತ್ತರಿಸ್ಬೇಕಾ?"

"ಊಂ."

"ನಿಮ್ಮಪ್ಪಂಗೆ ಗೊತ್ತಾ? ಯಾರಾದ್ರೂ ಗಂಡಸ್ರು..."

ಅಲ್ಲಿಗೆ ಏನೋ ಕಿತ್ತುಕೊಂಡಿತು. ನನ್ನ ಬಾಯಿಂದ ಬಂದ ದನಿ ಮಿಲ್ಲು ಓಡುವಾಗ ಕೂಗಿ ಹೇಳುವ ದನಿ. ಮಿಲ್ಲು ಅಲ್ಲಿರಲಿಲ್ಲ.

"ಅತ್ ದಿನದಿಂದ ಅಲೀತಿದ್ದೀನಿ ಅಣ್ಣ! ಒಬ್ಬ ಗಂಡಸ್ರುನ್ ಕಳ್ಸು ಅಂತಾನೆ, ಒಬ್ಬ ಎಂಟ್ ತಗೋ ಅಂತಾನೆ, ಒಬ್ಬ ಪಾನಾನ ಲಕ್ಷ್ಮಿ ಮಾಡಿ ಕೂರ್ಸವ್ನೆ, ಒಬ್ಬ ಸ್ಯಾಂಪಲ್ ತಾ ಅಂತಾನೆ, ನಮ್ಮೋನು ಮೋಟು ಅಂದ್ರೆ ಮೋಟಾ ಕಳುಸ್ತಾನೆ! ನಟ್ಟು ನಂದು, ಮೋಟ್ರು ನಂದು, ಪಾನಾ ನಂದು. ಕತ್ತರ್ಸಿ ಅಂದ್ರೆ ಕತ್ತರ್ಸಿ!"

ಟೀ ಕುಡಿಯುತ್ತಿದ್ದವರು ಲೋಟ ಹಿಡಿದ ಹಾಗೇ ನಿಂತರು. ಓಡಿಹೋಗೋಣ ಎನ್ನಿಸಿತು. ಕರವಸ್ತ್ರದ ಗಂಟು ಹಿಡಿದುಕೊಂಡು ಅಲ್ಲೇ ನಿಂತೆ.

"ಸರಿ ಸರಿ ತಾಯಿ, ನಂಗ್ಯಾಕೆ ಬೈತೀಯ?" ಎಂದ ಕುಮಾರ. "ಎಷ್ಟುದ್ದ ಅದ್ನೇಳು."

ಕರವಸ್ತ್ರ ಬಿಚ್ಚಿ ಪೊರಕೆ ಕಡ್ಡಿಗಳನ್ನು ಕೊಟ್ಟೆ. ಅವನು ಅವನ್ನು ಪಾನಾದ ಪಕ್ಕದಲ್ಲಿಟ್ಟು, ಮತ್ತೆ ನನ್ನ ಮುಖ ನೋಡಿದ. "ಅಳತೆ ತಂದವ್ಳೆ ನೋಡ್ರಲಾ" ಎಂದು ಟೀ ಕುಡಿಯುವವರಿಗೆ ಹೇಳಿದ. "ನೀವು ಟ್ರೈಲರ್ ತತ್ತೀರಿ, 'ಒಸಿ ಇಂಗೆ, ಒಸಿ ಅಂಗೆ' ಅಂತ ಗಾಳೀಲಿ ಕೈ ತೋರುಸ್ತೀರಿ."

ಬಳೆಯ ಕತ್ತನ್ನು ಕೆಂಪಗೆ ಕಾಯಿಸಿ, ಇಕ್ಕಳದಲ್ಲಿ ಹಿಡಿದು, ನನ್ನ ಕಡ್ಡಿಗೆ ಸರಿಯಾಗಿ ಬಗ್ಗಿಸಿದ. ಆಮೇಲೆ ಹಿಡಿಯನ್ನು ಗ್ರೈಂಡರಿನಲ್ಲಿ ಕುಯ್ದ. ಕಿಡಿಗಳು ಹಾರಿ ನನ್ನ ಚಪ್ಪಲಿಯ ಮುಂದೆ ಬಿದ್ದವು.

"ದಪ್ಪದ್ ತಂದಿದ್ದು ಒಳ್ಳೇದಾಯ್ತು. ಸಣ್ಣದಾಗಿದ್ರೆ ಕಾಸಿ ಬಗ್ಗುಸ್ದಾಗ್ಲೇ ಸೀಳ್ಕೋತಿತ್ತು. ನೀರ್ಗೆ ಮಾತ್ರ ಅದ್ಬೇಡ. ಗಾಜ್ನಂಗೆ ಮುರೀತದೆ. ಬೂದೀಲಿ ಮಡುಗು, ತಂತಾನೆ ಆರ್ಲಿ."

ಅವನೇ ಒಂದು ಹಳೆಯ ಡಬ್ಬದಲ್ಲಿ ಬೂದಿ ತುಂಬಿ ಅದರೊಳಗೆ ಪಾನಾ ಹೂತು ಕೊಟ್ಟ. ಬಸ್ಸಿನಲ್ಲಿ ಡಬ್ಬವನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಪಕ್ಕದ ಹೆಂಗಸು, "ಏನಮ್ಮ, ಅಸ್ತೀನಾ?" ಎಂದು ಸರಿದು ಕೂತಳು.

ಮಧ್ಯಾಹ್ನ ಮಿಲ್ಲಿನ ನೆಲದ ಮೇಲೆ ಗೋಣಿಚೀಲ ಹಾಸಿ ಪಕ್ಕಕ್ಕೆ ಮಲಗಿದೆ. ಮೂರು ನಟ್ಟು ಬೇಗ ಸಡಿಲವಾದವು. ನಾಲ್ಕನೆಯದರ ಮೇಲೆ ಪಾನಾ ಕೂತ ಸದ್ದು, ಟಕ್ ಎಂದು, ಕೈಗೆ ಮೊದಲು ಗೊತ್ತಾಯಿತು, ಕಿವಿಗೆ ಆಮೇಲೆ. ತಿರುಗಿಸಿದೆ. ಗಿಡ್ಡ ಹಿಡಿಗೆ ಬಲ ಸಾಲದು. ಅಂಗೈಯ ಬುಡದಿಂದ ಗುದ್ದಿದೆ. ಎರಡನೆಯ ಸಲ ಚರ್ಮ ಕಿತ್ತುಬಂತು. ಐದನೆಯ ಸಲಕ್ಕೆ ಕಿರುಗುಟ್ಟಿ ಅಲುಗಿತು. ತೆಗೆದು, ಮತ್ತೆ ಕೂರಿಸಿ, ಮತ್ತೆ ಗುದ್ದಿದೆ. ಗಡಿಯಾರದ ಮುಳ್ಳು ಹಿಂದಕ್ಕೆ ತಿರುಗಿದ ಹಾಗೆ, ಹನ್ನೆರಡರಿಂದ ಹನ್ನೊಂದಕ್ಕೆ, ಹನ್ನೊಂದರಿಂದ ಹತ್ತಕ್ಕೆ. ಮೋಟರನ್ನು ಕಾಲಿನಿಂದ ಹಿಂದಕ್ಕೆ ದೂಡಿ, ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಅಷ್ಟೇ ಸಲ ತಿರುಗಿಸಿ ಮತ್ತೆ ಬಿಗಿ ಮಾಡಿದೆ. ಕಾಲು ಗಂಟೆಯ ಕೆಲಸ ಎಂದೆನಲ್ಲ, ಎರಡೂವರೆ ಗಂಟೆ ಹಿಡಿಯಿತು.

ಸ್ವಿಚ್ಚು ಹಾಕಿದೆ. ಬೆಲ್ಟು ಕೂಗಲಿಲ್ಲ.

ಮೊದಲು ದೊಡ್ಡತಾಯಮ್ಮಜ್ಜಿಯ ಚೀಲ ಸುರಿದೆ. ಆ ಸದ್ದು ಕೇಳಿ ಅಪ್ಪ ಜಗಲಿ ಇಳಿದು ರಸ್ತೆ ದಾಟಿ ಬಂದು, ದೂಳು ಸೋಕದಂತೆ ಬಾಗಿಲ ಹೊರಗೇ ನಿಂತ. ಕೈ ಚಾಚಿದ. ಪಾನಾ ಕೊಟ್ಟೆ. ಕುಯ್ದ ಜಾಗವನ್ನು ಹೆಬ್ಬೆರಳಲ್ಲಿ ಸವರಿದ.

"ಅಂಚಿಗೆ ಅರ ಆಕ್ಸಿಲ್ಲ. ಕೈ ಕುಯ್ತದೆ" ಎಂದ.

"ಆಕ್ತೀನಿ."

"ಕತ್ತರಿಸ್ಬುಟ್ಟಲ್ಲೇ" ಎಂದ. ಮತ್ತೆ ಸವರಿದ. ಕೊಟ್ಟುಹೋದ.

ಸೋಮವಾರ ಬೆಳಿಗ್ಗೆ ಕಾಂತರಾಜು ಅಳತೆಯ ಟೇಪು ಹಿಡಿದುಕೊಂಡು ಬಂದಾಗ ಬಾಗಿಲಲ್ಲಿ ಏಳು ಜನ ಹೆಂಗಸರು ಚೀಲ ಇಟ್ಟುಕೊಂಡು ನಿಂತಿದ್ದರು. ದೊಡ್ಡತಾಯಮ್ಮಜ್ಜಿ, ತನ್ನ ಹಿಟ್ಟು ಆಗಲೇ ತೆಗೆದುಕೊಂಡಿದ್ದರೂ, ಮಾತಿಗೆಂದು ಅಲ್ಲೇ ಕಲ್ಲಿನ ಮೇಲೆ ಕೂತಿದ್ದಳು. "ಯಾಕಪ್ಪ ಟೇಪು? ಲಂಗ ಒಲುಸ್ತೀಯಾ?" ಎಂದಳು. ಕಾಂತರಾಜು ಟೇಪನ್ನು ಜೇಬಿಗೆ ಹಾಕಿಕೊಂಡು ಒಳಗೆ ಇಣುಕಿ, ಏನೋ ಹೇಳಿದ. ಮಿಲ್ಲಿನ ಸದ್ದಿಗೆ ನನಗೆ ಕೇಳಿಸಲಿಲ್ಲ. ತಲೆ ಆಡಿಸಿದೆ. ಅವನು ಅಪ್ಪನ ಜಗಲಿಯ ಕಡೆ ನೋಡಿದ. ಅಪ್ಪ ಅಲ್ಲಿಂದಲೇ, ಇಲ್ಲ ಎಂದು ಕೈ ಅಲ್ಲಾಡಿಸಿದ.

ಹನ್ನೊಂದು ಗಂಟೆಗೆ ಮಿಲ್ಲು ನಿಲ್ಲಿಸಿ ಕಲ್ಲು ತಣ್ಣಗಾಗಲು ಬಿಟ್ಟಿದ್ದೆ. ಆಗ ಕೆಂಪಣ್ಣ ಬಂದ.

"ಏನವ್ವಾ, ಭಾರಿ ಒಳ್ಳೆ ಮೋಟು ಪಾನಾ ಮಾಡ್ಸಿದ್ಯಂತೆ? ಕುಮಾರ ಊರೆಲ್ಲಾ ಏಳ್ಕಂಡ್ ತಿರುಗ್ತಾವ್ನೆ. ಒಂದೈದ್ ನಿಮಿಷ ಕೊಟ್ಟಿರು, ಟಿಲ್ಲರ್‌ದು ಒಂದು ನಟ್ಟು ಸಿಗ್ತಿಲ್ಲ. ಸಂಜೀಕೆ ಅದೇ ಕಲ್ಲಿನ್ ಮೇಲೆ ಮಡುಗ್ತೀನಿ."

ನಾನು ಕಲ್ಲು ನೋಡಿದೆ. ಅದರ ಮೇಲೆ ಕೂತಿದ್ದ ಅಜ್ಜಿ ನನ್ನನ್ನೇ ನೋಡುತ್ತಿದ್ದಳು. ಪಾನಾ ಮೋಟರಿನ ಪಕ್ಕ ಗೂಟಕ್ಕೆ ತಂತಿಯಲ್ಲಿ ಕಟ್ಟಿಸಿಕೊಂಡು ನೇತಾಡುತ್ತಿತ್ತು. ಬೆಳಿಗ್ಗೆ ಅಪ್ಪ ಯಾವಾಗಲೋ ಬಂದು ಅದರ ಕತ್ತಿಗೆ ಒಂದು ಚುಕ್ಕೆ ಕುಂಕುಮ ಇಟ್ಟು ಹೋಗಿದ್ದ.

"ಕೊಡಕ್ಕಾಗಲ್ಲ ಅಣ್ಣ" ಎಂದೆ. ಈಗ ಮಿಲ್ಲಿನ ಸದ್ದು ಇರಲಿಲ್ಲ. ಎಲ್ಲರಿಗೂ ಕೇಳಿಸಿತು. "ಟಿಲ್ಲರ್ ಇಲ್ಲಿಗ್ ತನ್ನಿ. ನಾನೇ ಬಿಚ್ಕೊಡ್ತೀನಿ."